ಬ್ಯಾಟರಿಯ ಏಕಾದಶಿ

ಚಿತ್ತಾಪುರದ ಸ್ಟೇಶನ್ ರಸ್ತೆಯ ಪ್ರಹ್ಲಾದರಾಯರ ಮನೆಯಲ್ಲಿ ಹದಿನೈದು ಆಂಪಿಯರಿನ ಪ್ಲಗ್ ಇರುವುದು ಒಂದೇ ಒಂದು. ಇದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ರಾಜ್ಯಗಳು ಗಡಿಗಾಗಿ ಕಾದಾಡಿವೆ, ಊರುಗಳು ನೀರಿಗಾಗಿ ಕೋರ್ಟು ಹತ್ತಿವೆ. ಆ ಮನೆಯ ಮೂವರು ಓದುಬರಹ ಬಲ್ಲ ಜನ ಒಂದು ಇಡೀ ತಿಂಗಳು ಈ ಪ್ಲಗ್ಗಿನ ವಿಷಯ ಬಿಟ್ಟು ಬೇರೆ ಮಾತಾಡಲಿಲ್ಲ.

ಪ್ಲಗ್ ಇದ್ದದ್ದು ದೇವರ ಕೋಣೆಯ ಬಾಗಿಲಿಗೆ ಹತ್ತಿ. ಇಪ್ಪತ್ತು ವರ್ಷದ ಹಿಂದೆ ಹಿಟ್ಟು ರುಬ್ಬುವ ಗ್ರೈಂಡರಿಗೆಂದು ಹಾಕಿಸಿದ್ದು. ಅದರಿಂದ ಆಚೆಗೆ ಪ್ರಹ್ಲಾದರಾಯರ ತಾಯಿ, ಎಂಬತ್ತೊಂದು ವರ್ಷದ ಲಕ್ಷ್ಮೀಬಾಯಿಯವರ ಮಡಿಯ ಸೀಮೆ ಶುರುವಾಗುತ್ತಿತ್ತು. ಆ ಸೀಮೆಯೊಳಗೆ ಈಗ ಒಂದು ಸ್ಕೂಟರಿನ ಬ್ಯಾಟರಿ ಬಂದು ಕೂರಬೇಕಾಗಿತ್ತು.

ಸ್ಕೂಟರ್ ಬೇಕಾಗಿದ್ದದ್ದು ಸೊಸೆ ವೃಂದಾಬಾಯಿಗೆ. ಅವರಿಗೆ ಐವತ್ತನಾಲ್ಕು. ಹನ್ನೊಂದು ಕಿಲೋಮೀಟರ್ ದೂರದ ದಂಡೋತಿಯ ಹೈಸ್ಕೂಲಿನಲ್ಲಿ ಗಣಿತದ ಶಿಕ್ಷಕಿ. ಹನ್ನೆರಡು ವರ್ಷ ಟಂಟಂ ಎಂಬ ಬಾಡಿಗೆ ಆಟೋದಲ್ಲಿ ಓಡಾಡಿದ್ದರು. ಆರು ಜನರ ಟಂಟಂನಲ್ಲಿ ಹದಿಮೂರು ಜನ ಕೂರುವಾಗ ಟೀಚರ್ ಎಂಬ ಗೌರವಕ್ಕೆ ಅವರಿಗೆ ಡ್ರೈವರಿನ ಪಕ್ಕದ ಸೀಟು ಸಿಗುತ್ತಿತ್ತು. ಆ ಸೀಟಿನಲ್ಲಿ ಅರ್ಧ ಡ್ರೈವರಿನದೇ. ಕಳೆದ ಶ್ರಾವಣದಲ್ಲಿ ಎಮ್ಮೆಯೊಂದನ್ನು ತಪ್ಪಿಸಲು ಹೋಗಿ ಆ ಟಂಟಂ ಚರಂಡಿಗೆ ಮಗುಚಿತು. ಎಮ್ಮೆಗೆ ಏನೂ ಆಗಲಿಲ್ಲ. ವೃಂದಾಬಾಯಿಯ ಮುಂಗೈ ಮುರಿದು ಆರು ವಾರ ಪ್ಲಾಸ್ಟರು.

ಪ್ಲಾಸ್ಟರು ಕಟ್ಟಿದ್ದಾಗಲೇ ಗಂಡ ಹೆಂಡತಿ ಒಂದೊಂದು ನಿರ್ಧಾರಕ್ಕೆ ಬಂದರು. ಗಂಡನ ನಿರ್ಧಾರ, ಹೆಂಡತಿ ಸ್ವಯಂ ನಿವೃತ್ತಿ ತೆಗೆದುಕೊಳ್ಳಬೇಕು. ಹೆಂಡತಿಯ ನಿರ್ಧಾರ, ತನ್ನ ಗಾಡಿ ತಾನೇ ಓಡಿಸಬೇಕು.

"ಆರು ವರ್ಷ ಸರ್ವಿಸ್ ಉಳದದ. ಬಿಟ್ಟುಬಿಡು. ನನ್ನ ಪೆನ್ಶನ್ ಅದ," ಎಂದರು ಪ್ರಹ್ಲಾದರಾಯರು.

"ಪೆನ್ಶನ್ ಅದ ರಿ. ಹತ್ತನೇ ಈಯತ್ತೆ ಹುಡುಗುರಿಗೆ ತ್ರಿಕೋನಮಿತಿ ನಿಮ್ಮ ಪೆನ್ಶನ್ ಹೇಳಿಕೊಡ್ತದೇನ್ರಿ?"

ಪ್ರಹ್ಲಾದರಾಯರು ವಾಡಿ ಜಂಕ್ಷನ್ನಿನಲ್ಲಿ ಮೂವತ್ತಾರು ವರ್ಷ ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದವರು. ಗಾಡಿಯ ಕಟ್ಟಕಡೆಯ ಡಬ್ಬಿಯಲ್ಲಿ ಕೂತು, ಬಿಟ್ಟು ಬಂದ ಹಳಿಗಳನ್ನು ನೋಡುತ್ತ ಅರ್ಧ ದೇಶ ಸುತ್ತಿದ್ದರು. ಮುಂದೇನು ಬರುತ್ತದೆ ಎಂಬುದು ಅವರ ಇಲಾಖೆಗೆ ಸೇರಿದ್ದಲ್ಲ. ಸೈಕಲ್ಲಿನ ಹೊರತು ಬೇರಾವ ಗಾಡಿಯನ್ನೂ ಅವರು ಓಡಿಸಿದವರಲ್ಲ. ಆದರೆ ಓಡಿಸುವವರ ತಪ್ಪು ಹುಡುಕುವುದರಲ್ಲಿ ಅವರಷ್ಟು ಅನುಭವಿಗಳು ವಾಡಿಯಿಂದ ಸೇಡಂವರೆಗೆ ಇನ್ನೊಬ್ಬರಿರಲಿಲ್ಲ.

ಕೊನೆಗೆ ಒಪ್ಪಂದವಾಯಿತು. ಗಾಡಿ ತರುವುದು. ಹದಿನೈದು ಶಾಲಾ ದಿನ ಟ್ರಯಲ್. ಹಿಂದಿನ ಸೀಟಿನಲ್ಲಿ ಗಾರ್ಡ್. ಒಂದೇ ಒಂದು ಅವಘಡವಾದರೂ, ಒಂದು ಟ್ರಿಪ್ಪು ರದ್ದಾದರೂ, ವೃಂದಾಬಾಯಿ ನಿವೃತ್ತಿಯ ಅರ್ಜಿಗೆ ಸಹಿ ಹಾಕಬೇಕು. ಎಲ್ಲ ಸರಿಯಾದರೆ ಹದಿನಾರನೆಯ ದಿನದಿಂದ ಅವರು ಒಬ್ಬರೇ ಹೋಗಬಹುದು. ಅರ್ಜಿಯನ್ನು ಪ್ರಹ್ಲಾದರಾಯರು ದುಂಡು ಅಕ್ಷರದಲ್ಲಿ ಆಗಲೇ ಬರೆದು ಮೇಜಿನ ಖಾನೆಯಲ್ಲಿ ಇಟ್ಟಿದ್ದರು. ಸಹಿಯ ಜಾಗ ಮಾತ್ರ ಖಾಲಿ. ಪೆನ್ನು ಹುಡುಕಲು ಖಾನೆ ಎಳೆದಾಗಲೆಲ್ಲ ಆ ಖಾಲಿ ಜಾಗ ವೃಂದಾಬಾಯಿಯನ್ನು ನೋಡುತ್ತಿತ್ತು.

ಶಹಾಬಾದಿನ ಅಂಗಡಿಯಲ್ಲಿ ಅಜಯಕುಮಾರ ಎಂಬ ಮಾಲೀಕ ಮೊದಲು ಸಣ್ಣ ಗಾಡಿಯೊಂದನ್ನು ತೋರಿಸಿದ.

"ಟೀಚರ್, ಇದು ತಗೋರಿ. ಇದಕ್ಕ ಲೈಸೆನ್ಸ್ ಬ್ಯಾಡ, ನಂಬರ್ ಪ್ಲೇಟ್ ಬ್ಯಾಡ, ಏನೂ ಬ್ಯಾಡ."

"ಬ್ರೇಕರೆ ಬೇಕೋ ಬ್ಯಾಡೋ?"

ಅಜಯಕುಮಾರ ನಕ್ಕ. ವೃಂದಾಬಾಯಿ ನಗದೆ ಪರ್ಸಿನಿಂದ ಹತ್ತೊಂಬತ್ತು ಪ್ರಶ್ನೆಗಳ ಪಟ್ಟಿ ತೆಗೆದರು. ಇಬ್ಬರು ಕೂತರೆ ಎಷ್ಟು ದೂರ ಹೋಗುತ್ತದೆ? ಕಾಗದದ ಲೆಕ್ಕ ಬೇಡ, ನಮ್ಮ ರಸ್ತೆಯ ಲೆಕ್ಕ ಹೇಳಿ. ಗಾಲಿ ಇಷ್ಟು ಸಣ್ಣದಿದ್ದರೆ ತಗ್ಗಿನಲ್ಲಿ ಇಳಿದದ್ದು ಮೇಲೆ ಬರುತ್ತದೆಯೇ? ಮಳೆಯಲ್ಲಿ ಬ್ರೇಕು ಹಿಡಿದರೆ ಎಷ್ಟು ಮಾರು ಜಾರುತ್ತದೆ? ಚಾರ್ಜು ತೀರಾ ಕಡಿಮೆಯಾದಾಗ ಗಾಡಿ ಒಮ್ಮೆಲೇ ನಿಲ್ಲುತ್ತದೋ, ಹೇಳಿ ನಿಲ್ಲುತ್ತದೋ? ಹನ್ನೊಂದನೆಯ ಪ್ರಶ್ನೆಗೆ ಅಜಯಕುಮಾರ ಕರವಸ್ತ್ರ ತೆಗೆದ. "ಮೇಡಂ, ನಾ ಪರೀಕ್ಷಾ ಬರದು ಹದಿನೈದು ವರ್ಷ ಆತ್ರಿ," ಎಂದ.

ಅಷ್ಟರಲ್ಲಿ ಪ್ರಹ್ಲಾದರಾಯರು ಇನ್ನೊಂದು ಗಾಡಿಯ ಮೇಲೆ ಕೂತು ರಿವರ್ಸ್ ಬಟನ್ ಕಂಡುಹಿಡಿದಿದ್ದರು. "ವೃಂದಾ, ಹಿಂದಕ್ಕ ಹೋಗ್ತದ!" ಎಂದು ಕೂಗಿ, ಅಂಗಡಿಯ ಒಳಗಿನಿಂದ ಬಾಗಿಲ ತನಕ ನೆಟ್ಟಗೆ ಕೂತು, ಘನತೆಯಿಂದ ಹಿಂದಕ್ಕೆ ಸಾಗಿ, ತುಳಸಿ ಕುಂಡಕ್ಕೆ ಒಂದು ಗೇಣು ಇರುವಾಗ ನಿಂತರು. ಹತ್ತೊಂಬತ್ತೂ ಪ್ರಶ್ನೆಗಳಿಗೆ ಪಾಸಾದದ್ದು ಅದೇ ಗಾಡಿ. ಬ್ಯಾಟರಿಯನ್ನು ಹಿಡಿಕೆ ಹಿಡಿದು ಹೊರತೆಗೆಯಬಹುದಾದ ಗಾಡಿ. ಎರಡು ಹೆಲ್ಮೆಟ್ ಸಮೇತ ತಂದರು. ಲೈಸೆನ್ಸಿಗಾಗಿ ಕಲಬುರಗಿಯಲ್ಲಿ ಎಂಟರ ಆಕಾರದಲ್ಲಿ ಓಡಿಸಿ ತೋರಿಸುವಾಗ, ಇವರಿಗಿಂತ ಮುಂಚೆ ಇಬ್ಬರು ಯುವಕರು ನೆಲಕ್ಕೆ ಕಾಲು ಊರಿದರು. ವೃಂದಾಬಾಯಿ ಊರಲಿಲ್ಲ. ಎಂಟು ಎಂದರೆ ಒಂದಕ್ಕೊಂದು ತಾಗಿದ ಎರಡು ವೃತ್ತ. ಅದನ್ನು ಅವರು ಮೂವತ್ತು ವರ್ಷದಿಂದ ಬರೆಯುತ್ತಿದ್ದರು.

ಪ್ಲಗ್ಗಿನ ಪ್ರಶ್ನೆ ಎದ್ದದ್ದು ಆಮೇಲೆ. ವೈರಿಂಗ್ ಮಾಡುವ ಹಾಜಿಸಾಬ ಬಂದು ಗೋಡೆ ತಟ್ಟಿ ನೋಡಿ, ಮೀಟರಿನಿಂದ ಹೊರಗಿನ ಕಟ್ಟೆಗೆ ಬೇರೆ ಲೈನ್ ಎಳೆಯಬೇಕು, ಅಲ್ಲಿಯವರೆಗೆ ಉದ್ದ ವೈರಿನ ಜೋಡಣೆ ಮಾಡಿ ಚಾರ್ಜು ಹಾಕೀರಿ ಜೋಕೆ, ಎಂದು ಹೇಳಿದ. "ನಾಳೆ ಬಂದು ಮಾಡ್ತೀನ್ರಿ," ಎಂದ. ಹಾಜಿಸಾಬನ ನಾಳೆ ಕಾರ್ತಿಕ ಮಾಸವಿಡೀ ನಡೆಯಿತು.

"ಬೀದ್ಯಾಗ ತಿರುಗೋ ವಸ್ತು ದೇವರ ಮುಂದ ಯಾಕ?" ಎಂದರು ಲಕ್ಷ್ಮೀಬಾಯಿ.

"ಅತ್ಯಾ, ಬೀದ್ಯಾಗ ತಿರುಗೋದು ಗಾಲಿ ರಿ. ಅದು ಹೊರಗ ಇರ್ತದ. ಇದು ಬರೇ ಅದರ ಹೊಟ್ಟಿ."

"ಹೊಟ್ಟಿ ಅಂದ್ರ ಉಣ್ತದೇನು?"

"ಉಣ್ತದ ರಿ. ದಿನಾ ನಾಲ್ಕು ತಾಸು."

ಲಕ್ಷ್ಮೀಬಾಯಿ ಬ್ಯಾಟರಿಯನ್ನು ಸುತ್ತ ನೋಡಿದರು. "ಉಣ್ಣೂದಂದ್ರ ನೆಲದ ಮ್ಯಾಲೆ ಯಾಕ ಕೂಡಸೀರಿ? ಈ ಮನ್ಯಾಗ ಯಾರರೆ ಹಂಗ ಉಂಡಾರೇನು? ಮಣಿ ಹಾಕು."

ಹೀಗೆ ಬ್ಯಾಟರಿಗೆ ಅತಿಥಿಗಳಿಗೆಂದು ಇಟ್ಟಿದ್ದ ಹಿತ್ತಾಳೆ ಮೊಳೆಯ ಮಣೆ ಸಿಕ್ಕಿತು. ಮಣೆಯ ಒಂದು ಕಾಲು ಸವೆದು ಅಲುಗುತ್ತಿತ್ತು. ಅದನ್ನು ಬಿಟ್ಟರೆ ವ್ಯವಸ್ಥೆಯಲ್ಲಿ ಕೊರತೆಯೇನಿರಲಿಲ್ಲ.

ಟ್ರಯಲ್ ಶುರುವಾಯಿತು. ದಿನಾ ಬೆಳಿಗ್ಗೆ ಪ್ರಹ್ಲಾದರಾಯರು ಎರಡೂ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡುವರು. ಬ್ರೇಕು, ಲೈಟು, ಕನ್ನಡಿ. ವೃಂದಾಬಾಯಿಯ ಸೆರಗು ಸೊಂಟಕ್ಕೆ ಸಿಕ್ಕಿ ಪಿನ್ನು ಬಿದ್ದಿದೆಯೇ, ಹೆಲ್ಮೆಟ್ಟಿನ ಪಟ್ಟಿ ಕಟಕ್ಕೆಂದಿತೇ. ಆಮೇಲೆ ಹಿಂದೆ ಹತ್ತಿ ಕೂತು ಕೊರಳಿನ ಸೀಟಿ ಊದುವರು. ಮೊದಲ ದಿನ ಎದುರು ಮನೆಯವರು ಹೊರಗೆ ಬಂದರು. ಮೂರನೆಯ ದಿನದಿಂದ ಆ ಸೀಟಿಗೆ ಗಡಿಯಾರ ಹೊಂದಿಸಿಕೊಂಡರು. ದಾರಿಯಲ್ಲಿ ಮಾತಿಲ್ಲ, ಸಂಕೇತ ಮಾತ್ರ. ಹೆಂಡತಿಯ ಎಡಭುಜಕ್ಕೆ ಒಂದು ತಟ್ಟಿದರೆ ನಿಲ್ಲು. ಎರಡು ತಟ್ಟಿದರೆ ನಡೆ. ಕೂತದ್ದು ಮುಂದಕ್ಕೆ ಮುಖ ಮಾಡಿಯೇ ಆದರೂ ಕುತ್ತಿಗೆ ಸದಾ ಹಿಂದಕ್ಕೆ ತಿರುಗಿರುತ್ತಿತ್ತು. ಕಾಯಿದೆ ಒಪ್ಪಿದ್ದರೆ ಬೆನ್ನಿಗೆ ಬೆನ್ನು ಕೊಟ್ಟೇ ಕೂರುತ್ತಿದ್ದರು.

ಶಾಲೆ ಮುಟ್ಟಿದ ಮೇಲೆ ಅವರು ರೈಲ್ವೆಯಲ್ಲಿ ಬರೆಯುತ್ತಿದ್ದ ಹಾಗೆಯೇ ಒಂದು ಪುಸ್ತಕದಲ್ಲಿ ಟಿಪ್ಪಣಿ ಬರೆದು, ಟಂಟಂ ಹಿಡಿದು ಮನೆಗೆ ಬಂದು, ಸಂಜೆ ಮತ್ತೆ ಟಂಟಂನಲ್ಲಿ ಹೋಗಿ ಹೆಂಡತಿಯ ಹಿಂದೆ ಕೂತು ಬರುವರು. ಮೂರನೆಯ ದಿನದ ಟಿಪ್ಪಣಿ: 'ದಂಡೋತಿ ಊರ ಅಗಸಿ ಬಾಗಿಲ ಹತ್ತಿರ ಕೋಳಿ ಅಡ್ಡ. ಗಾಡಿಗೆ ಸಪ್ಪಳ ಇಲ್ಲದ ಕಾರಣ ಕೋಳಿಗೆ ಮುನ್ಸೂಚನೆ ಇಲ್ಲ. ಒಂದು ನಿಮಿಷ ತಡ.' ಎಂಟನೆಯ ದಿನದ್ದು: 'ಡ್ರೈವರ್ ವರ್ತನೆ ಸಮಾಧಾನಕರ.' ಇಪ್ಪತ್ತೊಂಬತ್ತು ವರ್ಷದ ದಾಂಪತ್ಯದಲ್ಲಿ ಗಂಡನಿಂದ ಬರಹದಲ್ಲಿ ಸಿಕ್ಕ ಮೊದಲ ಮೆಚ್ಚುಗೆ ಅದು. ವೃಂದಾಬಾಯಿ ಅದನ್ನು ಎರಡು ಸಲ ಓದಿದರು.

ಅವರು ಕಲಿಯುತ್ತಲೂ ಇದ್ದರು. ಸಪ್ಪಳವಿಲ್ಲದ ಗಾಡಿಯಾದ್ದರಿಂದ ತಿರುವಿಗೆ ಮುಂಚೆ ಹಾರ್ನ್. ರಸ್ತೆಯ ಮೇಲೆ ಸಿಮೆಂಟಿನ ಬೂದಿ ಚೆಲ್ಲಿದ್ದ ಕಡೆ ಮುಂದಿನ ಬ್ರೇಕು ಒಂದನ್ನೇ ಹಿಡಿಯಬಾರದು. ಲಾರಿಯ ಕನ್ನಡಿಯಲ್ಲಿ ಡ್ರೈವರಿನ ಮುಖ ನಮಗೆ ಕಾಣದಿದ್ದರೆ ನಾವು ಅವನಿಗೆ ಕಾಣುವುದಿಲ್ಲ.

ಹದಿನಾಲ್ಕನೆಯ ದಿನ ಏಕಾದಶಿ ಬಂತು. ಶಾಲೆ ಬಿಟ್ಟ ಮೇಲೆ ಗಂಡ ಹೆಂಡತಿ ಅದೇ ಗಾಡಿಯಲ್ಲಿ ಮಳಖೇಡಕ್ಕೆ ಹೋಗಿ ಮಠದ ದರ್ಶನ ಮಾಡಿ ಬಂದರು. ಬಂದಾಗ ಚಾರ್ಜು ಶೇಕಡಾ ಹನ್ನೆರಡು. ವೃಂದಾಬಾಯಿ ಬ್ಯಾಟರಿಯನ್ನು ಮಣೆಯ ಮೇಲೆ ಕೂಡಿಸಿ ಚಾರ್ಜರ್ ಹಚ್ಚಿ, ಉಪವಾಸದ ಸುಸ್ತಿಗೆ ಜಲ್ದಿ ಮಲಗಿದರು.

ಮರುದಿನ ದ್ವಾದಶಿ. ನಸುಕಿನಿಂದ ಪಾರಣೆಯ ಅಡುಗೆಯ ಗಡಿಬಿಡಿ. ಎಲ್ಲ ಮುಗಿಸಿ ಬ್ಯಾಟರಿ ತರಲು ಹೋದ ವೃಂದಾಬಾಯಿ ನಿಂತಲ್ಲೇ ನಿಂತರು. ಚಾರ್ಜರಿನ ವೈರು ಅಂದವಾಗಿ ಸುತ್ತಿ ಪಕ್ಕಕ್ಕೆ ಇಟ್ಟಿತ್ತು. ಬ್ಯಾಟರಿಯ ಮೇಲೆ ಒಂದು ತುಳಸಿ ದಳ.

"ಅತ್ಯಾ, ಚಾರ್ಜರ್ ಯಾರು ತೆಗದ್ರಿ?"

"ನಾನ ತೆಗದೆ. ನಿನ್ನೆ ಏಕಾದಶಿ."

"ಇದು ಬ್ಯಾಟರಿ ಅದ ರಿ, ಅತ್ಯಾ!"

"ದೇವರ ಮುಂದ ಕೂಡ್ತದ. ಮಣಿ ಮ್ಯಾಲೆ ಉಣ್ತದ. ಮನಿಯವರಿಗೆಲ್ಲಾ ಒಂದು ನೇಮ, ಅದಕ್ಕೊಂದು ನೇಮ ಏನು? ಈಗ ಪಾರಣಿ ಆತಲ್ಲಾ, ಹಚ್ಚು."

ಒಳಗೆ ಬಂದ ಪ್ರಹ್ಲಾದರಾಯರು ಶಾಸ್ತ್ರದ ಆಧಾರ ಹುಡುಕಿದರು. "ಅವ್ವಾ, ಎಂಟು ವರ್ಷದ ಒಳಗಿನವರಿಗೆ ಏಕಾದಶಿ ಇಲ್ಲ. ಇದಕ್ಕ ಇನ್ನೂ ಎರಡು ತಿಂಗಳು."

"ಎಂಬತ್ತು ದಾಟಿದವರಿಗೂ ಇಲ್ಲ. ನಾ ಬಿಟ್ಟೀನೇನು? ಮತ್ತ ಅದೇನು ಸಣ್ಣ ಕೂಸೇನೋ ಪಲ್ಲಣ್ಣಾ? ನಿಮ್ಮಿಬ್ಬರನ್ನೂ ಹೊತಗೊಂಡು ಮಳಖೇಡಕ್ಕ ಹೋಗಿ ಬಂದದ."

ವಾದ ಅಲ್ಲಿಗೆ ಮುಗಿಯಿತು. ಹಚ್ಚಿದ ಚಾರ್ಜರ್ ಅರ್ಧ ತಾಸಿನಲ್ಲಿ ಹನ್ನೆರಡನ್ನು ಹದಿನೈದು ಮಾಡಿತು. ಆಗಲೇ ಒಂಬತ್ತಾಗಿತ್ತು, ಪ್ರಾರ್ಥನೆಯ ಗಂಟೆ ಒಂಬತ್ತೂ ನಲವತ್ತೈದಕ್ಕೆ.

"ಇವತ್ತ ಗಾಡಿ ಬಿಡು. ಟಂಟಂಗೆ ಹೋಗು," ಎಂದರು ಪ್ರಹ್ಲಾದರಾಯರು.

"ಟ್ರಿಪ್ಪು ರದ್ದಾದರ ಟ್ರಯಲ್ ಫೇಲು ಅಂತ ಬರಸೀರಿ."

ಪ್ರಹ್ಲಾದರಾಯರು ಹೆಲ್ಮೆಟ್ ತೆಗೆದುಕೊಂಡರು. ನಿಯಮ ಅವರದೇ, ನಿಯಮ ಸಡಿಲಿಸುವ ಅಭ್ಯಾಸ ಅವರಿಗಿರಲಿಲ್ಲ.

ವೃಂದಾಬಾಯಿ ಮನಸ್ಸಿನಲ್ಲೇ ಲೆಕ್ಕ ಮಾಡಿದರು. ಇಬ್ಬರಿದ್ದರೆ, ವೇಗ ಮೂವತ್ತು ದಾಟದಿದ್ದರೆ, ಕಿಲೋಮೀಟರಿಗೆ ಒಂದು, ಒಂದೂಕಾಲು. ಹದಿನೈದಕ್ಕೆ ಹನ್ನೊಂದು ಕಿಲೋಮೀಟರ್ ಆಗುತ್ತದೆ. ಆಗಲೇಬೇಕು. "ಹತ್ತರಿ," ಎಂದರು. ಸೀಟಿ ಕೂಗಿತು.

ಎಂಟು ಕಿಲೋಮೀಟರ್ ತೊಂದರೆಯಿಲ್ಲದೆ ಸರಿದವು. ಕಾಗಿಣಾ ನದಿಯ ಸೇತುವೆಗೆ ಮುಂಚಿನ ತಿರುವಿನ ಹತ್ತಿರ ಮುಂದೆ ಅದೇ ದಿಕ್ಕಿಗೆ ಹೊರಟಿದ್ದ ಒಂದು ಟ್ರ್ಯಾಕ್ಟರ್ ಸಿಕ್ಕಿತು. ಟ್ರಾಲಿಯ ತುಂಬ ಶಹಾಬಾದಿ ಕಲ್ಲಿನ ಚಪ್ಪಡಿ. ಅದು ಬಾವಿಯಿಂದ ನೀರು ಸೇದುವ ವೇಗದಲ್ಲಿ ಹೋಗುತ್ತಿತ್ತು. ಪರದೆಯಲ್ಲಿ ಚಾರ್ಜು ಐದು. ಸಮಯ ಒಂಬತ್ತೂ ಮೂವತ್ತೆರಡು.

ಭುಜಕ್ಕೆ ಎರಡು ತಟ್ಟು ಬಿತ್ತು. ನಡೆ.

ವೃಂದಾಬಾಯಿ ನಡೆಯಲಿಲ್ಲ. ಮುಂದೆ ರಸ್ತೆ ಬಲಕ್ಕೆ ಹೊರಳುತ್ತಿತ್ತು. ತಿರುವಿನ ತುಂಬ ಜಾಲಿ ಗಿಡ, ಅದರ ಮೇಲೆ ಟ್ರ್ಯಾಕ್ಟರಿನ ಧೂಳು. ಹೊಟ್ಟೆ ಖಾಲಿ ಇದ್ದ ಗಾಡಿ ಹಿಡಿ ತಿರುವಿದರೂ ಜಿಗಿಯುತ್ತಿರಲಿಲ್ಲ. ಎರಡು ಕಿಲೋಮೀಟರಿನಿಂದ ಅದು ಅವರಿಗೆ ಗೊತ್ತಾಗಿತ್ತು. ಟ್ರ್ಯಾಕ್ಟರನ್ನು ದಾಟಲು ಬೇಕಾದಷ್ಟು ಹೊತ್ತು ಬಲಗಡೆ ಇರುವ ತ್ರಾಣ ಅದಕ್ಕಿರಲಿಲ್ಲ.

ಮತ್ತೆ ಎರಡು ತಟ್ಟು, ಈ ಸಲ ಜೋರಾಗಿ. "ಲೈನ್ ಕ್ಲಿಯರ್ ಅದ! ಹಿಂದ ಒಂದು ನಾಯಿನೂ ಇಲ್ಲ! ಗಾಡಿ ಲೇಟ್ ಆಗ್ಲಿಕತ್ತದ!"

"ಹಿಂದಿಂದು ನೀವು ನೋಡೀರಿ. ಮುಂದಿಂದು ನನಗಿನ್ನೂ ಕಾಣವಲ್ದು."

ಇನ್ನೆರಡು. ಅದರ ಬೆನ್ನಿಗೇ ಇನ್ನೆರಡು.

"ಸುಮ್ನ ಕುಂದ್ರಿ!"

ಅದು ಹತ್ತನೆಯ ತರಗತಿಯ ಕೊನೆಯ ಬೆಂಚಿಗೆಂದು ಮೀಸಲಿಟ್ಟ ದನಿ. ಮನೆಯಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. ಪ್ರಹ್ಲಾದರಾಯರು ಸುಮ್ಮನೆ ಕೂತರು. ವೃಂದಾಬಾಯಿ ಇನ್ನಷ್ಟು ನಿಧಾನ ಮಾಡಿ, ಎಡಕ್ಕೆ ಸರಿದು, ಟ್ರಾಲಿಗೂ ತಮಗೂ ನಡುವೆ ಎರಡು ಗಾಡಿಯಷ್ಟು ಜಾಗ ಬಿಟ್ಟರು.

ತಿರುವಿನಿಂದ ಸಿಮೆಂಟಿನ ಬಲ್ಕರ್ ಬಂತು. ಲಾರಿಯ ಮೇಲೆ ಒಂದು ಮನೆಯಷ್ಟು ದೊಡ್ಡ ಕೊಳವೆ. ಅರ್ಧ ತನ್ನ ಕಡೆ, ಅರ್ಧ ಇವರ ಕಡೆ ಇಟ್ಟುಕೊಂಡು, ಬಂದ ಮೇಲೆ ಹಾರ್ನ್ ಹೊಡೆಯುತ್ತ ಬಂತು. ಟ್ರ್ಯಾಕ್ಟರ್ ಅಂಚಿಗೆ ಸರಿಯಿತು. ವೃಂದಾಬಾಯಿ ಎರಡೂ ಬ್ರೇಕನ್ನು ಸಮನಾಗಿ ಹಿಡಿದರು; ಗಾಡಿ ಜಾರದೆ ಮಣ್ಣಿನ ಅಂಚಿನಲ್ಲಿ ನಿಂತಿತು. ಅವರ ಎರಡೂ ಕಾಲು ನೆಲದ ಮೇಲಿದ್ದವು. ಟ್ರ್ಯಾಕ್ಟರಿನ ಬಲಕ್ಕೆ, ಆ ತಟ್ಟು ಕೇಳಿದ್ದರೆ ಅವರು ಇರುತ್ತಿದ್ದ ಜಾಗದಲ್ಲಿ, ಬಲ್ಕರ್ ಹಾದುಹೋಯಿತು. ಅದರ ಗಾಳಿಗೆ ಕನ್ನಡಕದ ಮೇಲೆ ಬೂದು ಪುಡಿ ಕೂತಿತು.

ಪ್ರಹ್ಲಾದರಾಯರ ಕೈ ಇನ್ನೂ ಹೆಂಡತಿಯ ಭುಜದ ಮೇಲಿತ್ತು. ಅವರು ಅದನ್ನು ನೋಡಿ, ಬೇರೆ ಯಾರದೋ ಕೈಯೆಂಬಂತೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

"ಬಲ್ಕರ್," ಎಂದರು.

"ಹೌದ್ರಿ."

"ಹದಿನಾರು ಗಾಲಿದು."

"ನಾ ಎಣಿಸಲಿಲ್ಲ ರಿ."

ಟ್ರ್ಯಾಕ್ಟರ್ ನಿಲ್ಲಿಸಿ ದಂಡೋತಿಯ ಭೀಮಶ್ಯಾ ಇಳಿದು ಬಂದ. ಅವನ ಮಗಳು ವೃಂದಾಬಾಯಿಯ ತರಗತಿಯಲ್ಲಿದ್ದಳು. "ಟೀಚರ್ರ, ಹಿಂದ ಉಳದ್ರಿ, ಭಾಳ ಛಲೋ ಆತ್ರಿ. ನಾ ಕನ್ನಡ್ಯಾಗ ನೋಡ್ಕೋತ ಇದ್ದ. ಈ ಸಾಹೇಬ್ರು ನಿಮ್ಮ ಬೆನ್ನಿಗಿ ಹಲಗಿ ಬಡದಂಗ ಬಡಿಲಾಕತ್ತಿದ್ರು. ಗಂಡ ಹೆಂಡ್ತಿ ಜಗಳ ಮಾಡಲಾಕತ್ತಾರ ಅಂದ್ಕೊಂಡ."

"ಅದು ಸಿಗ್ನಲ್," ಎಂದರು ಪ್ರಹ್ಲಾದರಾಯರು ಸಣ್ಣ ದನಿಯಲ್ಲಿ.

"ಹಂಗೇನ್ರಿ? ನಮ್ಮನ್ಯಾಗೂ ಹಿಂಗೇ ಸಿಗ್ನಲ್ ಕೊಡ್ತಾಳ್ರಿ."

ವೃಂದಾಬಾಯಿಗೆ ಆಗ ನಗು ಬಂತು. ಒಮ್ಮೆ ಬಂದದ್ದು ನಿಲ್ಲಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು; ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಳ್ಳಲು ನೋಡಿದರೆ ಸೆರಗು ಪಿನ್ನಿನಲ್ಲಿ ಭದ್ರವಾಗಿತ್ತು. ಪ್ರಹ್ಲಾದರಾಯರು ತಮ್ಮ ಕರವಸ್ತ್ರ ಕೊಟ್ಟರು.

ತಿರುವು ದಾಟಿ ರಸ್ತೆ ಕಂಡ ಮೇಲೆ ಭೀಮಶ್ಯಾ ಕೈ ಬೀಸಿ ದಾರಿ ಬಿಟ್ಟ. ಉಳಿದ ದೂರವನ್ನು ಸ್ಕೂಟರ್ ಇಪ್ಪತ್ತರ ವೇಗದಲ್ಲಿ ತೆವಳಿ, ದಂಡೋತಿಯ ಅಗಸಿಯ ಹತ್ತಿರ, ಮೂರನೆಯ ದಿನದ ಕೋಳಿಯ ಎದುರಿಗೆ ಪೂರಾ ನಿಂತಿತು. ಅಲ್ಲಿಂದ ಶಾಲೆ ಇನ್ನೂರು ಹೆಜ್ಜೆ. ವೃಂದಾಬಾಯಿ ಹ್ಯಾಂಡಲ್ ಹಿಡಿದರು, ಪ್ರಹ್ಲಾದರಾಯರು ಹಿಂದಿನಿಂದ ನೂಕಿದರು. ಆ ಕೆಲಸ ಅವರ ಸ್ವಭಾವಕ್ಕೆ ಒಪ್ಪಿತು. ಗೇಟು ಮುಟ್ಟಿದಾಗ ಒಂಬತ್ತೂ ನಲವತ್ತೆಂಟು. ನಾಡಗೀತೆಯ ಎರಡನೆಯ ಚರಣ ನಡೆದಿತ್ತು. ಮೂರು ನಿಮಿಷ ತಡ. ಪ್ರಹ್ಲಾದರಾಯರು ಗಡಿಯಾರ ನೋಡಿಕೊಂಡರು.

ಬ್ಯಾಟರಿಯನ್ನು ವಿಜ್ಞಾನ ಕೋಣೆಯ ಪ್ಲಗ್ಗಿಗೆ ಹಚ್ಚಿ ವೃಂದಾಬಾಯಿ ಪಾಠಕ್ಕೆ ಹೋದರು. ಚಾಕ್‌ಪೀಸು ಹಿಡಿದು ಬೋರ್ಡಿನ ಮೇಲೆ ವೃತ್ತ ಬರೆದರು. ಮೊದಲ ವೃತ್ತ ಓರೆಯಾಯಿತು, ಎರಡನೆಯದು ದುಂಡಗೆ ಬಂತು. ಅವಘಡ ಆಗಿಲ್ಲ, ಟ್ರಿಪ್ಪು ರದ್ದಾಗಿಲ್ಲ ಎಂದು ಅವರು ಇಡೀ ದಿನ ತಮಗೆ ತಾವೇ ಹೇಳಿಕೊಂಡರು. ಆದರೆ ಗಾರ್ಡಿನ ಸಿಗ್ನಲ್ ಧಿಕ್ಕರಿಸಿದ್ದು ಆ ಪುಸ್ತಕದ ಪ್ರಕಾರ ಏನಾಗುತ್ತದೆ ಎಂಬುದು ಅವರಿಗೆ ಗೊತ್ತಿರಲಿಲ್ಲ.

ಸಂಜೆ ಗೇಟಿನಲ್ಲಿ ಗಂಡ ಇರಲಿಲ್ಲ. ಹತ್ತು ನಿಮಿಷ ಕಾದರು. ಫೋನ್ ಮಾಡಿದರು.

"ನಾ ಬರ್ಲಿಕತ್ತಿಲ್ಲ," ಎಂದರು ಪ್ರಹ್ಲಾದರಾಯರು. "ಚಾರ್ಜು ಎಷ್ಟದ?"

"ನಲವತ್ತು ಅದ ರಿ."

"ಹಂಗಾರ ನೀ ಬಾ."

ಅವರು ಬಂದರು. ಕಾಗಿಣಾ ತಿರುವಿನಲ್ಲಿ ಹಾರ್ನ್ ಹೊಡೆದು, ಎಡಕ್ಕೆ ಸರಿದು, ನಿಧಾನವಾಗಿ ಬಂದರು. ಎರಡೂ ಬದಿಗೆ ತೊಗರಿ ಹಳದಿ ಹೂ ಬಿಟ್ಟಿತ್ತು. ಭುಜದ ಮೇಲೆ ಯಾರ ಕೈಯೂ ಇರಲಿಲ್ಲ. ಹನ್ನೆರಡು ವರ್ಷ ಓಡಾಡಿದ ರಸ್ತೆ ಇಷ್ಟು ಅಗಲ ಇದೆಯೆಂದು ಅವರಿಗೆ ಅಂದು ಕಂಡಿತು.

ದಿನಾ ಹಿಂದೆ ಕೂತು ಬರುತ್ತಿದ್ದ ಪ್ರಹ್ಲಾದರಾಯರು ಅಂದು ಬೆಳಿಗ್ಗೆ ಮನೆಗೆ ಹೋದದ್ದು ಟಂಟಂ ಡ್ರೈವರಿನ ಪಕ್ಕದ ಅರ್ಧ ಸೀಟಿನಲ್ಲಿ. ರಸ್ತೆ ತಮ್ಮ ಕಡೆಗೇ ಓಡಿ ಬರುವುದನ್ನು ಅವರು ಕಣ್ಣಿಟ್ಟು ನೋಡಿದ್ದು ಅದೇ ಮೊದಲಂತೆ. ಚಿತ್ತಾಪುರ ಬರುವಷ್ಟರಲ್ಲಿ ನಾಲ್ಕು ಸಲ ಕಣ್ಣು ಮುಚ್ಚಿಕೊಂಡರಂತೆ. "ಮುಂದ ನೋಡಕೋತ ಹೋಗೂದು ಭಾಳ ಕಠಿಣ ಅದ, ವೃಂದಾ," ಎಂದು ಹೇಳಿದರು.

ಮೇಜಿನ ಮೇಲೆ ಪುಸ್ತಕ ತೆರೆದಿತ್ತು. 'ದಿನ ಹದಿನೈದು. ಕಾಗಿಣಾ ತಿರುವಿನಲ್ಲಿ ಗಾರ್ಡ್ ತಪ್ಪು ಸಿಗ್ನಲ್ ಕೊಟ್ಟನು. ಡ್ರೈವರ್ ಪಾಲಿಸಲಿಲ್ಲ. ಗಾಡಿ ಸುರಕ್ಷಿತ. ಮೂರು ನಿಮಿಷ ತಡ, ಕಾರಣ ಏಕಾದಶಿ.'

ವೃಂದಾಬಾಯಿ ಖಾನೆ ಎಳೆದರು. ಅರ್ಜಿ ಅಲ್ಲಿರಲಿಲ್ಲ. ಬ್ಯಾಟರಿ ಕೂಡಿಸಲು ಹೋದಾಗ ಮಣೆ ಅಲುಗದೆ ನಿಂತದ್ದು ಕಂಡು ಬಗ್ಗಿ ನೋಡಿದರು. ಸವೆದ ಕಾಲಿನ ಕೆಳಗೆ ನಾಲ್ಕು ಮಡಿಕೆ ಮಾಡಿದ ಕಾಗದ. ಅಂಚಿನಲ್ಲಿ ದುಂಡು ಅಕ್ಷರ.

ತಿರುವಿನ ಕಥೆ ಕೇಳಿದ ಲಕ್ಷ್ಮೀಬಾಯಿ ಮಣೆಯ ಮುಂದೆ ಬಂದು ನಿಂತರು. ಆಮೇಲೆ ತೀರ್ಪು ಕೊಟ್ಟರು. "ದುಡಿಯೋ ಜೀವಕ್ಕ ನಿರಾಹಾರ ಬ್ಯಾಡ. ಏಕಾದಶಿಗೆ ಅದಕ್ಕ ಫಲಾಹಾರ ಇರಲಿ. ಅರ್ಧ ಹಚ್ಚರಿ."

ಹಾಜಿಸಾಬ ಇನ್ನೂ ಬಂದಿಲ್ಲ. ಹದಿನಾರನೆಯ ದಿನ ವೃಂದಾಬಾಯಿ 9 ಗಂಟೆ 5 ನಿಮಿಷಕ್ಕೆ ಒಬ್ಬರೇ ಹೊರಟು, 9 ಗಂಟೆ 38 ನಿಮಿಷಕ್ಕೆ ಶಾಲೆ ಮುಟ್ಟಿದರು.